ನಾನು ಹೊಲಿದ ಹದಿನಾರು ಚೀಲಗಳು

ಸರ್ಕಾರಕ್ಕೂ ನನಗೂ ಹಳೆಯ ದ್ವೇಷವೇನೂ ಇಲ್ಲ. ನಮ್ಮ ಪೋರ್ಟ್ ಟ್ರೆಲೋನ್ ರೇವಿನ ಗೋಧಿ ಗೋದಾಮಿನಲ್ಲಿ ಮೂವತ್ತೆಂಟು ವರ್ಷ ತೂಕದ ಗುಮಾಸ್ತನಾಗಿದ್ದು, ಮರ್ವಿನ್ ಪೆಂಗೆಲಿ ಎಂದರೆ ಒಂದು ಕಾಳು ಆಚೀಚೆ ಬಿಡದ ಆಸಾಮಿ ಎಂಬ ಕೀರ್ತಿ ಸಂಪಾದಿಸಿ, ತೆಪ್ಪಗೆ ನಿವೃತ್ತನಾದವನು ನಾನು. ಅಂಥವನ ನೆಮ್ಮದಿಗೆ ಅಡಿಲೇಡಿನಲ್ಲಿ ಕುಳಿತವರು ಕಲ್ಲು ಹಾಕಿದರು. ಮೇ ನಾಲ್ಕನೇ ತಾರೀಖಿನಿಂದ ದಕ್ಷಿಣ ಆಸ್ಟ್ರೇಲಿಯಾದ ಯಾವ ಅಂಗಡಿಯವರೂ ಗಿರಾಕಿಗೆ ತೆಳು ಪ್ಲಾಸ್ಟಿಕ್ ಚೀಲ ಕೊಡಕೂಡದು ಎಂದು ಕಾನೂನು ಮಾಡಿಬಿಟ್ಟರು. ಇವತ್ತು ನಾನು ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡು, ಸೂಜಿ ದಾರ ಹಿಡಿದು ಕೂತಿರುವುದಕ್ಕೆ ಅದೇ ಮೂಲ.

ಆ ಚೀಲದ ಗುಣಗಾನ ಮಾಡದೆ ಮುಂದೆ ಹೋಗಲಾರೆ. ಕೇಳದೆ ಕೊಡುತ್ತಿದ್ದರು. ಎರಡು ಬಾಳೆಹಣ್ಣು ತಗೊಂಡರೂ ಒಂದು ಚೀಲ. ಮನೆಗೆ ಬಂದ ಮೇಲೆ ಅದು ಕಸದ ಬುಟ್ಟಿಯೊಳಗೆ ಕೂರುತ್ತಿತ್ತು, ನಮ್ಮ ನಾಯಿ ನಗೆಟ್ ಬೆಳಗಿನ ವಾಕಿಂಗಿನಲ್ಲಿ ಮಾಡುವ ಘನಕಾರ್ಯವನ್ನು ಎತ್ತಿ ತರುತ್ತಿತ್ತು, ಒದ್ದೆಯಾದ ಈಜುಡುಗೆ ಹೊರುತ್ತಿತ್ತು, ಮಳೆ ಬಂದರೆ ನನ್ನ ಬೋಳುತಲೆ ಕಾಯುತ್ತಿತ್ತು. ಅಡುಗೆಮನೆ ಬಾಗಿಲ ಹಿಂದೆ ಒಂದು ಚೀಲದ ಹೊಟ್ಟೆಯಲ್ಲಿ ಇನ್ನೂರು ಚೀಲ ತುರುಕಿ ನೇತುಹಾಕಿದ್ದೆವು. (ನಮ್ಮೂರಲ್ಲಿ ಹಾಗೆ ನೇತುಹಾಕದ ಮನೆ ತೋರಿಸಿ, ನೋಡೋಣ.)

ನನ್ನ ಹೆಂಡತಿ ಗ್ವೆಂಡಾ ಮಾತ್ರ ಮೊದಲಿನಿಂದಲೂ ಸರ್ಕಾರದ ಪಕ್ಷ. ಒಂದು ಸಲ ರೇವಿನ ಕಂಬದ ಕೆಳಗೆ ಕುತ್ತಿಗೆಗೆ ಚೀಲ ಸಿಕ್ಕಿಸಿಕೊಂಡು ಸತ್ತ ನೀರುಕಾಗೆಯನ್ನು ಅವಳು ಕೈಯಾರೆ ಬಿಡಿಸಿ ಹೂತಿದ್ದಳು. ಅಂದಿನಿಂದ ಅವಳು ಚೀಲವನ್ನು ಕಂಡರೆ ಹಾವನ್ನು ಕಂಡಂತೆ ಆಡುತ್ತಿದ್ದಳು.

ಕಾನೂನು ಬಂದ ಮೊದಲನೇ ದಿನ ಅಂಗಡಿಗೆ ಹೋದೆ. ಹನ್ನೆರಡು ಮೊಟ್ಟೆ, ಬ್ರೆಡ್ಡು, ಹಾಲು, ಒಂದು ಡಬ್ಬಿ ಬೀಟ್ರೂಟು, ಟೊಮೇಟೊ ಸಾಸು. ಎಲ್ಲ ಗಲ್ಲಾದ ಮುಂದೆ ಇಟ್ಟೆ. ಅಂಗಡಿಯ ರೇಲೀನ್ ಕೈ ಕಟ್ಟಿಕೊಂಡು ನಿಂತಳು.

"ಚೀಲ ಎಲ್ಲಿ ಮರ್ವ್?"

"ಚೀಲ ನೀನಲ್ವಾ ಕೊಡೋಳು?"

"ನಿನ್ನೆಗೆ ಮುಗೀತು ಮಾರಾಯ. ಬೇಕಾದ್ರೆ ಈ ಹಸಿರು ಚೀಲ ತಗೋ. ಗಟ್ಟಿ ಇದೆ, ವರ್ಷಗಟ್ಟಲೆ ಬರುತ್ತೆ. ಮುಂದಿನ ಸಲ ಮರೀದೆ ತಗೊಂಡ್ಬಾ."

ತತ್ವಕ್ಕಾಗಿ ಬೇಡವೆಂದೆ. ಮೊಟ್ಟೆ ಕಂಕುಳಲ್ಲಿ, ಬ್ರೆಡ್ಡು ಹಲ್ಲಲ್ಲಿ, ಬೀಟ್ರೂಟು ಸ್ವೆಟರಿನೊಳಗೆ ಸೇರಿಸಿಕೊಂಡು ಗಂಭೀರವಾಗಿ ಹೊರಟೆ. ಬೋಲ್ಸ್ ಕ್ಲಬ್ಬಿನ ಮುಂದೆ, ಹುಲ್ಲಿನ ಮೇಲೆ ಚೆಂಡು ಉರುಳಿಸುತ್ತಿದ್ದ ಹನ್ನೊಂದು ಜನರ ಸಮಕ್ಷಮದಲ್ಲಿ, ಡಬ್ಬಿ ಜಾರಿ ಕಾಲಿನ ಮೇಲೆ ಬಿತ್ತು. ನಾನು ಕುಣಿದೆ. ಮೊಟ್ಟೆಗಳು ನನ್ನ ಜೊತೆ ಕುಣಿಯಲು ಒಪ್ಪಲಿಲ್ಲ.

ಆಮೇಲೆ ಹಸಿರು ಚೀಲಕ್ಕೆ ಶರಣಾದೆ. ಆದರೆ ಅದು ಹೊಸ ಕಷ್ಟ. ಪ್ರತಿ ಸಲ ಚೀಲವನ್ನು ಕಾರಿನ ಡಿಕ್ಕಿಯಲ್ಲಿ ಬಿಟ್ಟು ಒಳಗೆ ಹೋಗುತ್ತಿದ್ದೆ. ಗಲ್ಲಾದ ಮುಂದೆ ನಿಂತಾಗ ನೆನಪಾಗುತ್ತಿತ್ತು. ಹಿಂದೆ ಐದು ಜನ ನಿಟ್ಟುಸಿರು ಬಿಡುತ್ತಿರುವಾಗ ಸಾಲು ಬಿಟ್ಟು ಡಿಕ್ಕಿಗೆ ಓಡುವುದು ಹೇಗೆ? ಇನ್ನೊಂದು ಚೀಲ ತಗೊಳ್ಳುತ್ತಿದ್ದೆ. ಮೂರೇ ವಾರದಲ್ಲಿ ನಲವತ್ತಮೂರು ಹಸಿರು ಚೀಲಗಳಾದವು.

"ಪ್ಲಾಸ್ಟಿಕ್ ಕಮ್ಮಿ ಮಾಡೋಕೆ ಅಂತ ಕಾನೂನು ಮಾಡಿದ್ರು," ಅಂದಳು ಗ್ವೆಂಡಾ. "ನೀನೊಬ್ಬನೇ ಇಡೀ ಕಾರ್ಖಾನೆ ನಡೆಸ್ತಾ ಇದ್ದೀಯ. ಇನ್ನೊಂದು ಹಸಿರು ಚೀಲ ಈ ಹೊಸ್ತಿಲು ದಾಟಿದ್ರೆ, ಅದರಲ್ಲೇ ನಿನ್ನ ಬಟ್ಟೆ ತುಂಬಿ ಹೊರಗಿಡ್ತೀನಿ."

"ಮರೆವು ಕಣೇ. ವಯಸ್ಸಾಯ್ತು."

"ಕನ್ನಡಕ ಹಾಕ್ಕೋ ಅಂದ್ರೆ ಮಾತ್ರ ವಯಸ್ಸಾಗಿಲ್ಲ ಅಂತೀಯ!"

ಅದು ಇನ್ನೊಂದು ಹಳೆಯ ಜಗಳ. ಡಾಕ್ಟರು ಬರೆದುಕೊಟ್ಟ ಕನ್ನಡಕ ಒಂಬತ್ತು ವರ್ಷದಿಂದ ಮೇಜಿನ ಖಾನೆಯಲ್ಲಿ ವಿಶ್ರಾಂತಿ ಪಡೆಯುತ್ತಿತ್ತು. ಗೋಧಿ ರಾಶಿಯನ್ನು ಕಣ್ಣಳತೆಯಲ್ಲೇ ಇಷ್ಟು ಟನ್ನೆಂದು ಹೇಳುತ್ತಿದ್ದವನಿಗೆ ಕನ್ನಡಕವೇ?

ಇಲ್ಲಿ ನನ್ನ ಅತ್ತೆಯ ವಿಷಯ ಸ್ವಲ್ಪ ಹೇಳಬೇಕು. ಅತ್ತೆ ಥರ್ಜಾ ಟ್ರೆಜೈಸ್ ತೀರಿಕೊಂಡು ಆರು ವರ್ಷವಾಗಿದೆ. ಬದುಕಿದ್ದಷ್ಟು ಕಾಲ ಆಕೆ ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ. "ಗ್ವೆಂಡಾ, ಆ ಮನುಷ್ಯ ಟೀ ಕುಡೀತಾನಾ ಕೇಳು," ಎಂದು ನನ್ನ ಎದುರಿಗೇ ಹೇಳುತ್ತಿದ್ದರು. ನಾನೂ ಬಿಡಲಿಲ್ಲ, ಕೊನೆಯವರೆಗೂ "ಮಿಸೆಸ್ ಟ್ರೆಜೈಸ್" ಎಂದೇ ಕರೆದೆ. ಇನ್ನು ಪ್ರತಿವರ್ಷ ಚರ್ಚಿನ ಹಾಲಿನಲ್ಲಿ ನಡೆಯುತ್ತಿದ್ದ ಸುಗ್ಗಿ ಊಟದಲ್ಲಂತೂ, ಉದ್ದ ಮೇಜಿನ ಸರಿಯಾಗಿ ನಡುವೆ, ಒಂದೇ ಕುರ್ಚಿಯಲ್ಲಿ ನನ್ನನ್ನು ಕೂರಿಸುತ್ತಿದ್ದರು. ಎದುರಿಗೆ ತಾವು. ಬೇರೆಯವರೆಲ್ಲ ಬೇಕಾದ ಕಡೆ ಕೂರಬಹುದು, ನಾನು ಮಾತ್ರ ಅಲ್ಲೇ. ನಾನು ಮಾಂಸದ ಕಡುಬಿನಂಥ ಪಾಸ್ಟಿ ಎಷ್ಟು ತಿನ್ನುತ್ತೇನೆಂದು ಎಣಿಸುವುದಕ್ಕೇ ಈ ಏರ್ಪಾಡು ಎಂದು ನಾನು ಇಪ್ಪತ್ತೆಂಟು ವರ್ಷ ಎಲ್ಲರ ಹತ್ತಿರ ದೂರಿದ್ದೇನೆ. ಅಳಿಯನಿಗೆ ಆ ಮನೆಯಲ್ಲಿ ಜಾಗವೇ ಇರಲಿಲ್ಲ ಎಂದು ಗ್ವೆಂಡಾಳಿಗೂ ಎಷ್ಟೋ ಸಲ ಚುಚ್ಚಿದ್ದೇನೆ. ಅವಳು ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಳ್ಳುತ್ತಿದ್ದಳು.

ಮೇ ತಿಂಗಳ ಕೊನೆಗೆ ಗ್ವೆಂಡಾ ಒಂದು ವಾರದ ಮಟ್ಟಿಗೆ ಅಡಿಲೇಡಿನಲ್ಲಿರುವ ತಂಗಿಯ ಮನೆಗೆ ಹೋದಳು. ತಂಗಿಗೆ ಸೊಂಟದ ಆಪರೇಷನ್ನು. ಮನೆಯಲ್ಲಿ ನಾನು ಮತ್ತು ನಗೆಟ್. ಆಗ ನನಗೆ ಜ್ಞಾನೋದಯವಾಯಿತು.

ಊರಿನಲ್ಲಿ ಚೀಲ ಮರೆಯುವವನು ನಾನೊಬ್ಬನೇ ಏನು? ಅಂಗಡಿ ಬಾಗಿಲಲ್ಲೇ ಒಂದು ಹಲಗೆ ಹೊಡೆದು, ಮೊಳೆಗೆ ಬಟ್ಟೆ ಚೀಲಗಳನ್ನು ನೇತುಹಾಕಿದರೆ? ಮರೆತವರು ಒಯ್ಯಲಿ, ಮಾರನೇ ದಿನ ತಂದು ತಗುಲಿಸಲಿ. ಊರಿಗೆ ಉಪಕಾರ, ನೀರುಕಾಗೆಗಳಿಗೆ ಜೀವದಾನ, ನನಗೆ ಹೆಂಡತಿಯ ಮುಂದೆ ಮರ್ಯಾದೆ. ಹೊಲಿಗೆ ನನಗೆ ಹೊಸದಲ್ಲ. ಹರೆಯದಲ್ಲಿ ಗೋದಾಮಿನಲ್ಲಿ ಗೋಧಿ ಮೂಟೆಗಳ ಬಾಯಿ ಹೊಲಿದ ಕೈ ಇದು.

ಬಟ್ಟೆ ಬೇಕಲ್ಲ? ಬೀರುವಿನ ತಳದಲ್ಲಿ, ದಿಂಬಿನ ಗವಸಿನೊಳಗೆ ಮಡಚಿಟ್ಟ ಒಂದು ಹಳೆಯ ಬಿಳಿ ಬಟ್ಟೆ ಸಿಕ್ಕಿತು. ಬಿಡಿಸಿದೆ. ಹಾಸಿಗೆಯ ಮೇಲೆ ಹಾಸಿದರೆ ಎರಡು ಕಡೆಯೂ ನೆಲಕ್ಕೆ ಬಿತ್ತು. ಹಿಂದಿನ ಕಾಲದ ಹೊದಿಕೆ ಇರಬೇಕು, ಆಗಿನ ಜನ ಇಷ್ಟುದ್ದ ಇದ್ದರೇ ಎಂದು ಆಶ್ಚರ್ಯಪಟ್ಟೆ. ಕೈಗೆ ಅಲ್ಲಲ್ಲಿ ತರಿತರಿಯಾಗಿ ಸಿಕ್ಕಿತು. ಹಳೇ ಬಟ್ಟೆ, ಗಂಟುಗಂಟಾಗಿದೆ ಎಂದುಕೊಂಡೆ. ಕಣ್ಣಿಗೆ ಏನೂ ಕಾಣಲಿಲ್ಲ, ಬಿಳಿ ಬಟ್ಟೆ ಬಿಳಿಯಾಗಿಯೇ ಕಂಡಿತು.

ಷೆಡ್ಡಿನಲ್ಲಿ ಹಾಸಿ, ಕಣ್ಣಳತೆಯಲ್ಲೇ ಗೆರೆ ಎಳೆದು, ಕತ್ತರಿ ಆಡಿಸಿದೆ. ಚರಚರ ಎಂದು ಎಷ್ಟು ಚೆನ್ನಾಗಿ ಕತ್ತರಿಸಿತು! (ಆ ಸದ್ದು ಈಗಲೂ ಕಿವಿಯಲ್ಲಿದೆ.) ಹಳೇ ಡೇರೆಯ ಪಟ್ಟಿಗಳು ಹಿಡಿಕೆಯಾದವು. ಮೂರು ದಿನದಲ್ಲಿ ಹದಿನಾರು ಚೀಲ. ಅಂಚು ಚೆನ್ನಾಗಿದ್ದ ಒಂದನ್ನು ನಿರ್ಮಾತೃವಿನ ಹಕ್ಕಿನಿಂದ ನನಗಿಟ್ಟುಕೊಂಡೆ, ಉಳಿದ ಹದಿನೈದನ್ನು ರೇಲೀನಳ ಬಾಗಿಲಲ್ಲಿ ನೇತುಹಾಕಿದೆ. ಮೇಲೆ ಫಲಕ: "ಮರೆತವರಿಗಾಗಿ. ಒಯ್ಯಿರಿ, ಮರಳಿ ತನ್ನಿರಿ."

ಊರಿಗೆ ಊರೇ ಹೊಗಳಿತು. ಬೋಲ್ಸ್ ಕ್ಲಬ್ಬಿನ ಕೆಲ್ವಿನ್ ರಾಡ್ಡಾ, ಮೊಟ್ಟೆ ಪ್ರಕರಣದಿಂದ ನನ್ನನ್ನು ಕಂಡಾಗಲೆಲ್ಲ ಕೋಳಿ ಕೂಗು ಕೂಗುತ್ತಿದ್ದವನು, ಬೆನ್ನು ತಟ್ಟಿದ. ಸಂತೋಷದಲ್ಲಿ ನಾನು ರೇವಿಗೆ ಹೋಗಿ ಗಾಳ ಹಾಕಿದೆ. ನಾಲ್ಕು ದಪ್ಪ ಬೊಂಡಾಸ್, ಅಂದರೆ ಹತ್ತು ತೋಳಿನ ಮೆತ್ತನೆ ಸ್ಕ್ವಿಡ್ಡು, ಸಿಕ್ಕವು. ಬಕೆಟ್ಟು ಮರೆತಿದ್ದೆ, ನನ್ನ ಹೊಸ ಚೀಲದಲ್ಲೇ ಹಾಕಿಕೊಂಡು ಬಂದೆ.

ಶುಕ್ರವಾರ ಗ್ವೆಂಡಾ ಬಸ್ಸಿನಿಂದ ಇಳಿದಳು. ಕಾರಿನಲ್ಲಿ ಕೂತವಳೇ ಮೂಗು ಮುಚ್ಚಿಕೊಂಡಳು.

"ಏನೋ ನಾರ್ತಾ ಇದೆಯಲ್ಲ?"

"ರೇವಿನ ಗಾಳಿ," ಅಂದೆ.

ದಾರಿಯಲ್ಲಿ ಹಾಲಿಗೆಂದು ನಿಲ್ಲಿಸಿದಾಗ ರೇಲೀನ್ ನನ್ನ ಸಾಧನೆಯನ್ನು ಬಣ್ಣ ಕಟ್ಟಿ ಹೇಳಿದಳು. ಮೊಳೆಗಳೆಲ್ಲ ಖಾಲಿ, ಅಷ್ಟೂ ಚೀಲ ಜನ ಒಯ್ದಿದ್ದಾರೆ. ಗ್ವೆಂಡಾ ಆ ಫಲಕವನ್ನು ಎರಡು ಸಲ ಓದಿದಳು. ಆಮೇಲೆ ಕಟುಕನ ಅಂಗಡಿಯವನು ನೋಡುತ್ತಿರುವಾಗಲೇ ನನ್ನ ಹಣೆಗೆ ಮುತ್ತಿಟ್ಟಳು. ಮೂವತ್ತನಾಲ್ಕು ವರ್ಷದ ದಾಂಪತ್ಯದಲ್ಲಿ ಬೀದಿಯಲ್ಲಿ ಸಿಕ್ಕ ಮೊದಲ ಮುತ್ತು ಅದು. ರಾತ್ರಿ ಊಟಕ್ಕೆ ಕುರಿಮಾಂಸ ಹುರಿದಳು, ಮೇಲೆ ಪುದೀನ ಸಾಸು.

ತಟ್ಟೆ ತೆಗೆಯುತ್ತಾ ಅಂದಳು, "ಇನ್ನೊಂದು ವಾರಕ್ಕೆ ರಾಣಿ ಹುಟ್ಟುಹಬ್ಬದ ರಜೆ. ಆ ಭಾನುವಾರ ಚರ್ಚ್ ಹಾಲಿಗೆ ನೂರು ವರ್ಷ. ಅಮ್ಮನ ಬಟ್ಟೆ ಹಾಸೋಣ ಅಂತಿದ್ದೀನಿ, ಯಾರಿಗೂ ಇನ್ನೂ ಹೇಳಿಲ್ಲ. ಗುರುವಾರ ಒಗೆದು ಗಂಜಿ ಹಾಕ್ಬೇಕು."

"ಯಾವ ಬಟ್ಟೆ?"

"ಸುಗ್ಗಿ ಊಟದ ಮೇಜಿನ ಬಟ್ಟೆ ಕಣೋ. ಹಾಲಿನ ಸೂರು ಹಾರಿಹೋದಾಗ ಚಂದಾ ಕೊಟ್ಟೋರೆಲ್ಲ ಅದರ ಮೇಲೆ ಪೆನ್ಸಿಲಲ್ಲಿ ರುಜು ಹಾಕಿದ್ರಲ್ಲ, ಅಮ್ಮ ಅದರ ಮೇಲೇ ಬಿಳಿ ದಾರದಲ್ಲಿ ಕಸೂತಿ ಹಾಕಿದ್ಳಲ್ಲ. ಇನ್ನೂರ ಹನ್ನೆರಡು ಹೆಸರು. ನೀನು ವರ್ಷಾ ವರ್ಷಾ ಬೀಟ್ರೂಟ್ ಚೆಲ್ತಿದ್ದೆ. ಅಮ್ಮ ಹೋದ ಮೇಲೆ ಹಾಸೋಕೆ ಮನಸ್ಸೇ ಬಂದಿಲ್ಲ. ಬೀರುವಿನ ತಳದಲ್ಲಿ, ದಿಂಬಿನ ಗವಸಲ್ಲಿ ಇಟ್ಟಿದ್ದೀನಿ."

ಷೆಡ್ಡಿನಲ್ಲಿ ನಾನು ಚರಚರ ಕತ್ತರಿಸಿದ್ದು ಅದನ್ನೇ. ಇಪ್ಪತ್ತೆಂಟು ವರ್ಷ ಆ ಬಟ್ಟೆಯ ಮೇಲೆ ಉಂಡವನಿಗೆ ಗುರುತು ಸಿಗಲಿಲ್ಲವೇ ಎಂದು ನೀವು ಕೇಳಬಹುದು. ಸ್ವಾಮಿ, ಊಟ ಬಿಟ್ಟು ಮೇಜಿನ ಬಟ್ಟೆ ನೋಡಿದ ಗಂಡಸು ನಿಮ್ಮಲ್ಲಿ ಯಾರಾದರೂ ಇದ್ದರೆ ಮೊದಲ ಕಲ್ಲು ಅವನೇ ಎಸೆಯಲಿ.

ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಹಣೆಯ ಮೇಲಿನ ಮುತ್ತು ಇನ್ನೂ ಬೆಚ್ಚಗಿತ್ತು, ಅದನ್ನು ಕಳೆದುಕೊಳ್ಳಲು ಧೈರ್ಯ ಬರಲಿಲ್ಲ. ಗುರುವಾರದೊಳಗೆ ಹದಿನೈದು ಚೀಲವನ್ನೂ ಒಟ್ಟುಮಾಡಿ, ಬಿಚ್ಚಿ, ಮತ್ತೆ ಕೂಡಿಸಿ ಹೊಲಿದುಬಿಡುತ್ತೇನೆ ಎಂದು ಲೆಕ್ಕ ಹಾಕಿದೆ. ಗವಸಿನೊಳಗೆ ಒಂದು ಹಳೇ ಹೊದಿಕೆ ಮಡಚಿಟ್ಟೆ.

ಬೆಳಿಗ್ಗೆ ರೇಲೀನಳ ಹತ್ತಿರ ಓಡಿದೆ. "ಒಂದೂ ವಾಪಸ್ ಬಂದಿಲ್ವಾ?"

"ನಮ್ಮೂರೋರು ಏನನ್ನಾದ್ರೂ ವಾಪಸ್ ತಂದದ್ದು ನೋಡಿದ್ದೀಯಾ? ಒಂದಂತೂ ಕಾರವಾನು ಕಟ್ಕೊಂಡು ಊರೂರು ತಿರುಗೋರು ತಗೊಂಡ್ಹೋದ್ರು. ಚಳಿ ತಪ್ಪಿಸ್ಕೊಳ್ಳೋಕೆ ಬೆಚ್ಚಗಿರೋ ಉತ್ತರದ ಕಡೆ ಹೊರಟಿದ್ದ ಮುದುಕ ಮುದುಕಿ. ಈರುಳ್ಳಿ ತುಂಬಿಸ್ಕೊಂಡ್ರು."

ಮೊದಲು ಹೋದದ್ದು ಮಿಸ್ ಐವಿ ಬೊಲಿಥೊ ಮನೆಗೆ. ಎಂಬತ್ತೆಂಟು ವರ್ಷದ ಒಂಟಿ ಮುದುಕಿ. ನನ್ನನ್ನು ನೋಡಿದ್ದೇ ಎರಡೂ ಕೈ ಹಿಡಿದುಕೊಂಡರು.

"ನಿಮಗೆ ಹೆಂಗೆ ಗೊತ್ತಾಯ್ತು ಮಿಸ್ಟರ್ ಪೆಂಗೆಲಿ? ಈ ಚೀಲ ನನಗೇ ಬರಬೇಕು ಅಂತ ನಿಮಗೆ ಹೆಂಗೆ ಹೊಳೀತು?"

ಚೀಲಕ್ಕೆ ಇಸ್ತ್ರಿ ಹಾಕಿ ದಿಂಬಿನ ಮೇಲಿಟ್ಟಿದ್ದರು. ಅವರ ತಮ್ಮನ ರುಜು ಅದರಲ್ಲಿತ್ತು. ರುಜು ಹಾಕಿದ ಮರುವರ್ಷ ಆ ಹುಡುಗ ದೋಣಿ ಮಗುಚಿ ಹೋದನಂತೆ, ಅವನ ಕೈಬರಹ ಮನೆಯಲ್ಲಿ ಬೇರೆಲ್ಲೂ ಉಳಿದಿರಲಿಲ್ಲವಂತೆ. ನನ್ನ ಬೆರಳು ಹಿಡಿದು ಆ ಹೆಸರಿನ ಮೇಲೆ ಆಡಿಸಿದರು. ತರಿತರಿ. ಷೆಡ್ಡಿನಲ್ಲಿ ನನಗೆ ಗಂಟು ಎನಿಸಿದ್ದು ಇದೇ. ಮೂರು ಕಪ್ ಟೀ ಕುಡಿದು, ಬಂದ ಕೆಲಸ ಬಾಯಿಬಿಡದೆ ಎದ್ದು ಬಂದೆ. ಗೇಟಿನ ಹತ್ತಿರ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಕೆಲ್ವಿನ್ ರಾಡ್ಡಾ ತನ್ನ ಬೋಲ್ಸ್ ಚೆಂಡುಗಳನ್ನು ಚೀಲದಲ್ಲಿ ಹಾಕಿಕೊಂಡಿದ್ದ.

"ಕೆಲ್ವ್, ಅದು ಸ್ವಲ್ಪ ಕೊಡ್ತೀಯಾ? ಹೊಲಿಗೆ ಸರಿ ಇಲ್ಲ, ಗಟ್ಟಿ ಮಾಡ್ಕೊಡ್ತೀನಿ."

"ಹೊಲಿಗೆ ಸರಿ ಇಲ್ಲ ಅಂತ ಗೊತ್ತು. ಆದ್ರೆ ನಮ್ಮಪ್ಪನ ಹೆಸರಿದೆ ಇದ್ರಲ್ಲಿ. ಚರ್ಚಿಗೆ ಕಾಲಿಡದ ಮನುಷ್ಯ, ಸೂರಿಗೆ ಚಂದಾ ಕೊಟ್ಟಿದ್ದಾನೆ ನೋಡು! ನಮಗ್ಯಾರಿಗೂ ಗೊತ್ತೇ ಇರ್ಲಿಲ್ಲ. ಕೊಡಲ್ಲ, ಹೋಗಯ್ಯ."

ಹೀಗೇ ಐದು ದಿನ. ಬಟ್ಟೆಯನ್ನು ಹಂಚಲು ಗ್ವೆಂಡಾಳೇ ಒಪ್ಪಿದ್ದಾಳೆಂದು ಎಲ್ಲರೂ ತಿಳಿದಿದ್ದರು. ಒಂದು ಮನೆಯವರಿಗೆ ಚೀಲದ ಮೇಲೆ ಅಜ್ಜಿಯ ಹೆಸರು ಸಿಕ್ಕಿತ್ತು, ಇನ್ನೊಂದು ಮನೆಯವರಿಗೆ ಹಳೇ ಮೇಷ್ಟರದು. ಕನ್ನಡಕ ಹಾಕುವವರ ಊರಿನಲ್ಲಿ ಎಲ್ಲರಿಗೂ ಹೆಸರು ಕಂಡಿತ್ತು, ಕತ್ತರಿ ಹಿಡಿದವನೊಬ್ಬನಿಗೆ ಕಂಡಿರಲಿಲ್ಲ. ಗುರುವಾರದ ಹೊತ್ತಿಗೆ ನನ್ನ ಕೈಗೆ ಬಂದದ್ದು ಮೂರು ಚೀಲ.

ಗುರುವಾರ ಬೆಳಿಗ್ಗೆ ಗ್ವೆಂಡಾ ಬೀರು ತೆರೆದಳು. ಗವಸಿನೊಳಗೆ ಕೈ ಹಾಕಿದವಳು ಬಟ್ಟೆಯನ್ನು ಹೊರಗೆ ತೆಗೆಯಲೇ ಇಲ್ಲ.

"ಇದಲ್ಲ," ಅಂದಳು.

ನಾನು ಎಲ್ಲವನ್ನೂ ಹೇಳಿದೆ. ಮೂರು ಚೀಲಗಳನ್ನು ತಂದು ಮುಂದೆ ಇಟ್ಟೆ. ಅವಳು ಹಾಸಿಗೆಯ ಅಂಚಿನಲ್ಲಿ ಕೂತು, ಡೇರೆ ಪಟ್ಟಿಯ ಹಿಡಿಕೆಯನ್ನೇ ನೋಡುತ್ತಿದ್ದಳು. ನಾನು ಬೈಗುಳಕ್ಕೆ ತಲೆ ಬಗ್ಗಿಸಿ ನಿಂತೆ. ಬರಲಿಲ್ಲ.

"ಎಲ್ಲಾ ಹೆಸರೂನಾ ಮರ್ವ್?"

"ಗ್ವೆನ್, ಬೈಯೇ. ಒಂದು ಪಾತ್ರೆಯಾದ್ರೂ ಎಸಿ."

"ನನಗೆ ಈಗ ಆಗಲ್ಲ," ಅಂದು ಹೊರಗೆ ಹೋದಳು. ಒಣಗಿಹಾಕುವ ತಂತಿಯ ಕೆಳಗೆ ಸುಮ್ಮನೆ ನಿಂತಿದ್ದಳು, ಒಣಗಲು ಏನೂ ಇರಲಿಲ್ಲ. ಹಸಿರು ಚೀಲಕ್ಕೆ, ಕನ್ನಡಕಕ್ಕೆ, ಶೂ ಒರೆಸದ್ದಕ್ಕೆ ದಿನಾ ಬೈಸಿಕೊಂಡವನು ನಾನು. ಬೈಗುಳ ಇಲ್ಲದ ಆ ಮೂರು ದಿನ ಹೇಗೆ ಕಳೆದೆನೋ ದೇವರಿಗೇ ಗೊತ್ತು.

ಭಾನುವಾರ ಚರ್ಚಿನ ಹಾಲಿನಲ್ಲಿ ಉದ್ದ ಮೇಜಿಗೆ ಕಟುಕನ ಅಂಗಡಿಯ ಬಿಳಿ ಕಾಗದ ಹಾಸಿದ್ದರು. ನಮ್ಮ ಕಡೆ ಇಂಥ ಸಮಾರಂಭಕ್ಕೆ ಮನೆಗೊಂದು ತಟ್ಟೆ ತಿಂಡಿ ತರುವುದು ಪದ್ಧತಿ. ಮಿಸ್ ಐವಿ ಮೊದಲು ಬಂದರು. ಸ್ಕೋನ್ ಬನ್ನುಗಳ ತಟ್ಟೆಯನ್ನು ಹೊರತೆಗೆದು, ಖಾಲಿ ಚೀಲವನ್ನು ಕಾಗದದ ಮೇಲೆ ಬಿಡಿಸಿಟ್ಟು ಕೈಯಿಂದ ಸವರಿದರು.

"ನೀನು ಹೇಳಿದ್ದನ್ನೆಲ್ಲಾ ರೇಲೀನ್ ನಮಗೆ ಹೇಳಿದ್ಳು ಗ್ವೆಂಡಾ. ನಿನ್ನ ಗಂಡ ಬಂದು ಮೂರು ಕಪ್ ಟೀ ಕುಡಿದ್ರು, ಇದೊಂದು ಮಾತು ಕೇಳ್ಬಾರ್ದಿತ್ತಾ? ನಾನು ಕೊಡ್ತಿರ್ಲಿಲ್ವಾ?"

ಕೆಲ್ವಿನ್ ಬಂದ. "ನಮ್ಮಪ್ಪನ್ನ ವಾಪಸ್ ತಂದಿದ್ದೀನಿ," ಎಂದು ಗೊಣಗಿ ಚೀಲವಿಟ್ಟ. ಒಬ್ಬೊಬ್ಬರಾಗಿ ಬಂದರು. ಯಾರದೋ ಚೀಲದಲ್ಲಿ ಲ್ಯಾಮಿಂಗ್ಟನ್ ಕೇಕಿನ ಕೊಬ್ಬರಿ ತುರಿ ಅಂಟಿತ್ತು, ಯಾರದೋ ಚೀಲದಲ್ಲಿ ಆಲೂಗಡ್ಡೆ ಮಣ್ಣು. ನನ್ನ ಮೂರು ಸೇರಿ ಹದಿನಾಲ್ಕಾದವು. ಗ್ವೆಂಡಾ ಮೇಜಿನ ಉದ್ದಕ್ಕೂ ಬೆರಳಾಡಿಸುತ್ತಾ ನಡೆದಳು. ಮತ್ತೆ ಆ ತುದಿಯಿಂದ ಈ ತುದಿಗೆ ಬಂದಳು.

"ಅಮ್ಮನ ಹೆಸರಿಲ್ಲ," ಅಂದಳು. "ಕಾರವಾನಿನೋರ ಜೊತೆ ಹೋಯ್ತಾ?"

ಆಗ ನನಗೆ ನೆನಪಾಯಿತು. ಮೊಳೆಗೆ ಹಾಕಿದ್ದು ಹದಿನೈದು, ಹೊಲಿದದ್ದು ಹದಿನಾರು. ಒಂದು ಕಾಳು ಆಚೀಚೆ ಬಿಡದ ತೂಕದ ಗುಮಾಸ್ತ ವಾರವಿಡೀ ಊರೆಲ್ಲ ಚೀಲ ಹುಡುಕಿ, ತನ್ನದೊಂದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅದು ಎಲ್ಲಿತ್ತು ಎಂದು ಬೇರೆ ಹೇಳಬೇಕೇ? ಡಿಕ್ಕಿಯಲ್ಲಿ.

ಓಡಿದೆ. ಡಿಕ್ಕಿ ತೆರೆದರೆ ನಾತ ಮುಖಕ್ಕೆ ಹೊಡೆಯಿತು. ನಲವತ್ತಮೂರು ಹಸಿರು ಚೀಲಗಳ ಅಡಿಯಲ್ಲಿ ನನ್ನ ಬಿಳಿ ಚೀಲ ಮುದುಡಿ ಬಿದ್ದಿತ್ತು. ಬೊಂಡಾಸ್ ಕಕ್ಕಿದ ಶಾಯಿ ಹರಡಿ, ಒಣಗಿ, ಅರ್ಧ ಕಪ್ಪಾಗಿತ್ತು. ಅದನ್ನು ಹಾಲಿನ ಬಾಗಿಲಿಂದ ಮೇಜಿನವರೆಗೆ ಹಿಡಿದುಕೊಂಡು ಹೋದ ಇಪ್ಪತ್ತು ಹೆಜ್ಜೆ ನನ್ನ ಆಯುಸ್ಸಿನಲ್ಲೇ ಉದ್ದವಾದದ್ದು. ಜನ ಮೂಗು ಮುಚ್ಚಿಕೊಂಡರು, ಯಾರೂ ನಗಲಿಲ್ಲ. ಕೆಲ್ವಿನ್ ಕೂಡ.

ಗ್ವೆಂಡಾ ಅದನ್ನು ತನ್ನ ಕೈಗೆ ತಗೊಂಡು, ಪಕ್ಕದ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿ ಹಾಸಿದಳು. ತನ್ನ ಪರ್ಸಿನಿಂದ ಏನೋ ತೆಗೆದು ನನ್ನ ಮುಂದೆ ಹಿಡಿದಳು. ಒಂಬತ್ತು ವರ್ಷದ ವಿಶ್ರಾಂತಿ ಮುಗಿಸಿದ ನನ್ನ ಕನ್ನಡಕ.

"ಹಾಕ್ಕೊಂಡು ಓದು."

ಹಾಕಿಕೊಂಡೆ. ಶಾಯಿಯ ನಡುವೆ ಉಬ್ಬುದಾರದ ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ಥರ್ಜಾ ಟ್ರೆಜೈಸ್. ಅದರ ಪಕ್ಕ, ಗ್ವೆಂಡಾ. ಅದರ ಪಕ್ಕ ಇನ್ನೊಂದು ಹೆಸರು ಶುರುವಾಗಿತ್ತು. ಮೂರು ಅಕ್ಷರವಾಗುವಷ್ಟರಲ್ಲಿ ಕತ್ತರಿ ಹೋಗಿತ್ತು. ಮೂರನ್ನೂ ಎರಡು ಸಲ ಓದಿದೆ. ಅರವತ್ತೆರಡು ವರ್ಷದಿಂದ ನಾನೇ ರುಜು ಹಾಕುತ್ತಾ ಬಂದ ಹೆಸರಿನ ಮೊದಲ ಮೂರು ಅಕ್ಷರ.

"ಇದು... ಇದು ನನ್ನದಾ?"

"ನಮ್ಮ ಮದುವೆಯಾದ ವರ್ಷ ಹಾಕಿದ್ದು. ಚಂದಾ ಮುಗಿದು ಹತ್ತೊಂಬತ್ತು ವರ್ಷ ಆಗಿತ್ತು. ಆಮೇಲೆ ಅಮ್ಮ ಸೇರಿಸಿದ್ದು ಇದೊಂದೇ ಹೆಸರು."

"ಆಕೆ ನನ್ನ ಹೆಸರೇ ಹೇಳ್ತಿರ್ಲಿಲ್ಲವಲ್ಲೇ!"

"ಬಾಯಲ್ಲಿ ಹೇಳೋಕೆ ಅವಳಿಗೆ ಬರ್ತಿರ್ಲಿಲ್ಲ. ನಿನಗೆ ಅಮ್ಮ ಅನ್ನೋಕೆ ಬಂತಾ?"

ಮಿಸ್ ಐವಿ ಕಿಟಕಿಯ ಕಡೆ ತಿರುಗಿಕೊಂಡರು.

"ನನಗೆ ಒಂದು ಮಾತು ಹೇಳ್ಬಾರ್ದಿತ್ತಾ ಗ್ವೆನ್? ಇಷ್ಟು ವರ್ಷ!"

"ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ಳು. 'ವರ್ಷಾ ವರ್ಷಾ ಅದರ ಮುಂದೇನೇ ಕೂರಿಸ್ತೀನಿ, ಎಂದಾದ್ರೂ ಒಂದಿನ ತಟ್ಟೆ ಎತ್ತಿ ನೋಡ್ತಾನೆ' ಅಂತಿದ್ಳು. ಎದುರಿಗೆ ಕೂತು ಕಾಯ್ತಿದ್ಳು ಮರ್ವ್. ನೀನು ತಟ್ಟೆ ಎತ್ತಲೇ ಇಲ್ಲ, ಇನ್ನೊಂದು ಪಾಸ್ಟಿ ಹಾಕಿಸ್ಕೋತಿದ್ದೆ."

ಅವತ್ತು ಹಾಲಿನಲ್ಲಿ ನಾನು ಏನೂ ತಿನ್ನಲಿಲ್ಲ. ನನ್ನನ್ನು ಬಲ್ಲವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಹೆಂಗಸರು ಸೇರಿ ಚೀಲಗಳನ್ನು ಬಿಚ್ಚಿ, ಮತ್ತೆ ಕೂಡಿಸಿ ಹೊಲಿದರು. ಮೈತುಂಬ ಹೊಲಿಗೆಯ ಗಾಯ, ಬಟ್ಟೆ ಗಿಡ್ಡವಾಗಿ ಮೇಜಿಗೆ ಸಾಲದು. ಶಾಯಿಯನ್ನು ಗ್ವೆಂಡಾ ಹಲ್ಲುಜ್ಜುವ ಬ್ರಷ್ಷಿನಿಂದ ಏಳು ಸಲ ಉಜ್ಜಿದಳು, ಅತ್ತೆಯ ಹೆಸರು ಬೂದುಬಣ್ಣಕ್ಕೆ ಬಂದು ನಿಂತುಬಿಟ್ಟಿದೆ. ಹದಿನಾರನೇ ತುಂಡಿನ ಜಾಗದಲ್ಲಿ ಹೊಸ ಬಟ್ಟೆ ಹಾಕಿದ್ದಾರೆ. ಆ ಚೀಲ, ನನ್ನ ಹೆಸರಿನ ಉಳಿದರ್ಧ ಹೊತ್ತುಕೊಂಡು, ಉತ್ತರದ ಯಾವುದೋ ಬಿಸಿಲೂರಿನ ಕಾರವಾನಿನಲ್ಲಿ ಈರುಳ್ಳಿ ಕಾಯುತ್ತಿರಬೇಕು. ನಿಮಗೆ ಎಲ್ಲಾದರೂ ಕಂಡರೆ ದಯವಿಟ್ಟು ತಿಳಿಸಿ. ಬಿಳಿ ಮೇಲೆ ಬಿಳಿ, ಕನ್ನಡಕ ಹಾಕಿಕೊಂಡೇ ನೋಡಿ.

ಅದು ಸಿಗುವವರೆಗೆ ಉಳಿದ ಅಕ್ಷರಗಳನ್ನು ಹಾಕುವ ಕೆಲಸ ನನ್ನದು ಎಂದು ಗ್ವೆಂಡಾ ತೀರ್ಪು ಕೊಟ್ಟಿದ್ದಾಳೆ. ಜೂನಿನಲ್ಲಿ ಶುರುಮಾಡಿದ್ದು, ಈಗ ಆಗಸ್ಟು. ಮೂಟೆ ಹೊಲಿದ ಕೈಗೆ ಈ ಸೂಜಿ ಸಿಗುವುದೇ ಕಷ್ಟ. ಒಂದು ಅಕ್ಷರ ಮುಗಿಸಿ ನಿನ್ನೆ ತೋರಿಸಿದೆ.

"ಸೊಟ್ಟ," ಅಂದಳು. "ಅಮ್ಮ ಆಗಿದ್ರೆ ಇದನ್ನ ಇಟ್ಕೊಳ್ತಿರ್ಲಿಲ್ಲ. ಬಿಚ್ಚು."

ಬಿಚ್ಚುತ್ತಿದ್ದೇನೆ. ಇದು ನಾಲ್ಕನೇ ಸಲ. ಬೈಗುಳ ಮಾತ್ರ ಮೊದಲಿನಂತೆ ಶುರುವಾಗಿದೆ, ಆ ಮಟ್ಟಿಗೆ ನೆಮ್ಮದಿ. ಮುಂದಿನ ಸುಗ್ಗಿ ಊಟಕ್ಕೆ ಆ ಬಟ್ಟೆ ಹಾಸುತ್ತಾರಂತೆ, ನಾನು ಅದೇ ನಡುವಿನ ಕುರ್ಚಿಯಲ್ಲಿ ಕೂರುತ್ತೇನೆ. ಎದುರಿನ ಕುರ್ಚಿ ಖಾಲಿ ಇರುತ್ತದೆ. ನಾನು ತಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ಉಣ್ಣುತ್ತೇನೆ.